ನಾಲ್ಕು ಬೆರಳು ಮೇಲೆ

ನೋವು ಹೊಟ್ಟೆಯಲ್ಲಿ ಮೇಡಂ, ಎಂದೆ.
ಆಕೆ ಕಾಲು ಹಿಡಿದರು.

ಪಿ.ಜೆ. ಬಡಾವಣೆ, ಕನ್ನಡಕದಂಗಡಿಯ ಮೇಲಿನ ಮಹಡಿ,
ಹಸಿರು ಪರದೆಯ ಹಿಂದೆ ಕಬ್ಬಿಣದ ಮಂಚ.
ಒಳಗಡೆ ಹರಡಿನ ಗಂಟಿನಿಂದ ಮೇಲಕ್ಕೆ
ನನ್ನವೇ ನಾಲ್ಕು ಬೆರಳು ಅಡ್ಡ ಇಡಿಸಿ
"ಇಲ್ಲಿ" ಎಂದರು ಡಾಕ್ಟರ್ ಮೆಹಜಬೀನ್.
ಅಳತೆ ಅವರವರ ಬೆರಳಿನದೇ ಆಗಬೇಕಂತೆ,
ಒಬ್ಬರ ಬೆರಳು ಇನ್ನೊಬ್ಬರ ಕಾಲಿಗೆ ಲೆಕ್ಕಕ್ಕಿಲ್ಲ.

ಹತ್ತು ವರ್ಷದ ಕಂಡಕ್ಟರು ನಾನು.
ದಾವಣಗೆರೆ, ಆನಗೋಡು, ಭರಮಸಾಗರ, ದುರ್ಗ.
ದುರ್ಗ, ಭರಮಸಾಗರ, ಆನಗೋಡು, ದಾವಣಗೆರೆ.
ತಿಂಗಳಿಗೆರಡು ದಿನ
ದಾರಿಯ ಹಂಪುಗಳನ್ನು ಹೊಟ್ಟೆಯಲ್ಲೇ ಎಣಿಸುತ್ತೇನೆ.
ಕಂಬಿಗೆ ಸೊಂಟ ಆನಿಸಿ ಟಿಕೆಟ್ ಹರಿಯುತ್ತೇನೆ,
ಚಿಲ್ಲರೆ ಕೇಳಿದರೆ ಹಲ್ಲು ಕಚ್ಚಿದ್ದು
ನಗುವಿನ ಹಾಗೆ ಕಾಣುತ್ತದೆ.
ಡ್ರೈವರ್ ಓಬಣ್ಣ ಕನ್ನಡಿಯಲ್ಲಿ ನೋಡಿ
ಹಂಪಿಗೆ ಮುಂಚೆಯೇ ಗೇರು ಇಳಿಸುತ್ತಾನೆ.
ಅವನು ಕೇಳಿಲ್ಲ. ನಾನು ಹೇಳಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಎಂದರು ಮೂವರು.
ಮಗುವಾದರೆ ಸರಿಹೋಗುತ್ತೆ ಎಂದರು. ಆಯಿತು, ಹೋಗಲಿಲ್ಲ.
ಎಲ್ಲಾ ಮನಸ್ಸಿಂದು ಕಣಮ್ಮ, ಎಂದರು.
ಮನಸ್ಸಿಂದು ಅಂದರೆ ಸುಳ್ಳು ಅಂತ
ನಾನೂ ನಂಬಿದ್ದೆ.

ಸೂಜಿ ಕುರಿತುಪ್ಪಟದ ಎಳೆಯಷ್ಟು ಸಣ್ಣದು.
ಚುಚ್ಚಿದ್ದು ತಿಳಿಯಲಿಲ್ಲ. ಆಮೇಲೆ
ಒದ್ದೆ ಕಂಬಳಿಯಂಥ ಭಾರವೊಂದು
ಮೊಣಕಾಲಿನವರೆಗೆ ಏರಿ ಕೂತಿತು.
"ನೋವು ಯಾವಾಗ ಶುರು, ಚಿತ್ತಕ್ಕ?"
"ಹಿಂದಿನ ರಾತ್ರಿ. ಇನ್ನೂ ಏನೂ ಆಗಿರದಾಗ."
"ಯಾವ ಹೊತ್ತಿಗೆ?"
"ನಾಯಿ ಬೊಗಳಿದರೆ."
ನನ್ನ ಬಾಯಿ ಹೇಳಿದ್ದು ಕೇಳಿ ನಾನೇ ಸುಮ್ಮನಾದೆ.

ಹಟ್ಟಿಯ ಕಳ್ಳೆಬೇಲಿಯಾಚೆ, ಜಾಲಿಮರದಡಿ
ಹದಿಮೂರರ ನಾನು, ಕಂಬಳಿ, ಒಂದು ಚೊಂಬು.
ಅವ್ವ ಒಳಗಿಂದ ಮುದ್ದೆ ಎತ್ತಿ ಹಾಕಿದಳು
ಬೆರಳು ಬೆರಳಿಗೆ ತಾಗದ ಹಾಗೆ.
ಮಳೆ ಬಂತು.
ರೊಪ್ಪದಲ್ಲಿ ಕುರಿಗಳು
ಒಂದಕ್ಕೊಂದು ಒತ್ತಿಕೊಂಡು ಬೆಚ್ಚಗಿದ್ದವು.
ಯಾರನ್ನು ಕಂಡು ನಾಯಿ ಬೊಗಳಿತೋ.
ಯಾರೂ ಬರಲಿಲ್ಲ. ಬರಬಹುದು ಅಂತ
ಬೆಳಕು ಹರಿಯುವ ತನಕ ಹೊಟ್ಟೆ ಬಿಗಿಹಿಡಿದೆ.
ಹದಿನೆಂಟು ವರ್ಷವಾಯಿತು. ಬಿಟ್ಟಿಲ್ಲ.

ಡಾಕ್ಟರ್ ಏನೂ ಅನ್ನಲಿಲ್ಲ,
ಸೂಜಿಯನ್ನು ಒಂದು ಎಳ್ಳಷ್ಟು ತಿರುಗಿಸಿದರು.
ಕೆಳಗಿನ ಅಂಗಡಿಯಲ್ಲಿ ಯಾರೋ ಮುದುಕರು
ಗೋಡೆಯ ಅಕ್ಷರ ಓದುತ್ತಿದ್ದರು:
ದ... ಠ... ಅಲ್ಲ ಅಲ್ಲ, ರ.
ಇಪ್ಪತ್ತು ನಿಮಿಷ. ಯಾರೂ
ನನ್ನನ್ನು ಸ್ಟಾಪು ಕೇಳಲಿಲ್ಲ.

ಐದು ಸಲ ಹೋಗಿ ಬಂದೆ.
ಈ ತಿಂಗಳೂ ಬಂತು ನೋವು, ಬಾರದೆ ಏನು.
ಆದರೆ ನಾಯಿ ಬೊಗಳಿದಾಗ ಬರಲಿಲ್ಲ.
ಮರುದಿನ ಆನಗೋಡು ದಾಟಿದ ಮೇಲೆ
ನಿಧಾನವಾಗಿ ಹತ್ತಿತು, ದುರ್ಗ ಬರುವಷ್ಟರಲ್ಲಿ ಇಳಿಯಿತು.
ಸೂಜಿಯೋ, ಕೇಳಿದ ಮಾತೋ,
ಬೆನ್ನು ಚಾಚಿದ ಆ ಇಪ್ಪತ್ತು ನಿಮಿಷವೋ,
ನನಗೇನು ಗೊತ್ತು.
ಕನ್ನಡಿಯಲ್ಲಿ ನೋಡಿದ ಓಬಣ್ಣನಿಗೆ
"ಹೊಟ್ಟೆನೋವು ಕಣಣ್ಣ, ಮುಟ್ಟಿಂದು" ಅಂದೆ ಮೊದಲ ಸಲ.
"ಹ್ಞೂಂ" ಎಂದು ಹಾರನ್ ಒತ್ತಿದ.

ರಾತ್ರಿ, ಒಂಬತ್ತರ ಮಗಳು:
"ಎಲ್ಲಿ ಚುಚ್ಚಿದರು, ತೋರಿಸು."
ಅವಳ ಕಾಲು, ಅವಳದೇ ನಾಲ್ಕು ಬೆರಳು.
ಕಚಗುಳಿ ಎಂದು
ಕಾಲೆಳೆದುಕೊಂಡಳು.