ತೇಲುಸೇತುವೆ

ಈ ದ್ವೀಪದಲ್ಲಿ ತೋಳವಿಲ್ಲ.
ಪಾಪಾಸುಕಳ್ಳಿಯ ಸಂದಿಯಲ್ಲಿ ಆಡು,
ಗೋಡೆಯ ಮೇಲೆ ಇಗುವಾನ, ಅಷ್ಟೆ.
ಆದರೂ ವಿಲೆಮ್‌ಸ್ಟಾಡ್‌ನ ಡಾಕ್ಟರು
ಸುರೈಮಾಳ ಕಾಯಿಲೆಗೆ ಲ್ಯಾಟಿನ್ನಿನಲ್ಲಿ ತೋಳ ಎಂದರು.

ಮೊದಲು ಕೆನ್ನೆಗೆ ಬಂತು, ಆಮೇಲೆ ಬೆರಳ ಗೆಣ್ಣಿಗೆ.
ಮೀನು ತೂಗಿದಳು, ಚಿಲ್ಲರೆ ಕೊಟ್ಟಳು.
ಚಿಲ್ಲರೆ ತಪ್ಪತೊಡಗಿದಾಗ
ಗಿರಾಕಿಗಳು ನಕ್ಕರು; ನಾನೂ ನಕ್ಕೆ.

ಒಂದು ರಾತ್ರಿ ಎಬ್ಬಿಸಿ ಕೇಳಿದಳು:
"ನನ್ನ ಗಂಡನನ್ನು ಎಲ್ಲಿಟ್ಟಿದ್ದೀಯ?
ಅವನ ಅಂಗಿ ತೊಟ್ಟ ಮಾತ್ರಕ್ಕೆ
ನೀನು ಎಡ್ಸೆಲ್ ಆಗಿಬಿಡುತ್ತೀಯಾ?"

ಅವಳ ತಾಯಿ ಮೂಲೆಮೂಲೆಗೆ ಉಪ್ಪು ಎರಚಿ ದೆವ್ವ ಎಂದಳು.
ಡಾಕ್ಟರು ಬೆನ್ನುಹುರಿಯ ನೀರು ತೆಗೆದು ನೋಡಿ
ರಕ್ತ ತನ್ನವರನ್ನೇ ಹಗೆಯೆಂದುಕೊಂಡಿದೆ ಎಂದರು.
ಇಬ್ಬರಿಗೂ ತಲೆಯಾಡಿಸಿದೆ.
ರಕ್ತಕ್ಕೇ ಗುರುತು ಸಿಗದಿದ್ದ ಮೇಲೆ
ಪಾಪ, ಅವಳಿಗೆ ಹೇಗೆ ಸಿಕ್ಕೀತು?

ನನ್ನ ಕೆಲಸ ತೇಲುಸೇತುವೆಯದು.
ಹಡಗು ಬಂದರೆ ಗಂಟೆ ಬಾರಿಸಿ
ದಡದಿಂದ ಬಿಡಿಸಿ, ಇಡೀ ಸೇತುವೆಯನ್ನೇ ಪಕ್ಕಕ್ಕೆ ಒಯ್ಯುತ್ತೇನೆ.
ಮೇಲಿದ್ದವರು ಮೇಲೆಯೇ ಉಳಿಯುತ್ತಾರೆ,
ಕೈಯಲ್ಲಿ ಕರಗುವ ಐಸ್‌ಕ್ರೀಮು,
ಕಣ್ಣೆದುರಿಗೆ ಮನೆ, ನಡುವೆ ನೀರು.
ಹೊಸಬರು ಕೂಗುತ್ತಾರೆ.
ಊರವರು ಕಟಕಟೆಗೆ ಒರಗಿ ಕಾಯುತ್ತಾರೆ.

ನಲವತ್ತು ದಿನ ಸ್ಟೀರಾಯ್ಡು. ಮುಖ ಊದಿ ಹುಣ್ಣಿಮೆ.
ಬಿಸಿಲು ಬೀಳದಂತೆ ಆಸ್ಪತ್ರೆಯ ಕಿಟಕಿಗೆ
ನನ್ನದೇ ಹಳೆಯ ಲುಂಗಿ ಕಟ್ಟಿದ್ದೇನೆ.
ನಿನ್ನೆ ಫುಂಚಿ ತಿನ್ನಿಸುವಾಗ
ನನ್ನ ಅಂಗಿಯ ಎರಡನೆಯ ಗುಂಡಿಯನ್ನು ಹಿಡಿದು
ತುಂಬ ಹೊತ್ತು ನೋಡಿದಳು.
"ಈ ದಾರ ನಾನು ಹಾಕಿದ್ದು" ಎಂದಳು.

ಹೆಸರು ಹೇಳಲಿಲ್ಲ.
ನಾನು ಇನ್ನೊಂದು ತುತ್ತು ಹಿಡಿದೆ.