ಗೋಣು

ಬಲ್ಗೇರಿಯದ ಈ ಹಳ್ಳಿಯಲ್ಲಿ
ಹೌದೆನ್ನಲು ತಲೆ ಅಡ್ಡಡ್ಡ ಆಡಿಸುತ್ತಾರೆ.
ತಿಳಿಯದೆ ಮೊದಲ ತಿಂಗಳೆಲ್ಲ
ಪಕ್ಕದ ಮನೆಯ ಸ್ತೊಯಾಂಕಾ
ಮೊಸರಿನ ಗಡಿಗೆ ಎತ್ತಿ ಹಿಡಿದಾಗ
ಗೋಣು ಹಾಕಿ ಹಾಕಿ
ಬರಿಗೈಲಿ ಒಳಬಂದೆ.

ಗ್ಲಾಸ್ಗೋದ ಮನೆ ಮಾರುವಾಗ
ಹದಿನೇಳು ಕುರ್ಚಿ ಲೆಕ್ಕಕ್ಕೆ ಸಿಕ್ಕವು.
ಕೂತದ್ದು ಯಾರು, ಯಾವಾಗ?
ಈಗ ಇರುವುದೊಂದು.
ಅವಳು ಬಂದರೆ ನಾನು ಸೌದೆಯ ಮೇಲೆ.

ಬಾವಿಹಗ್ಗ ಅಂಗೈಯಲ್ಲಿ ಬರೆದದ್ದನ್ನು
ಇನ್ನೂ ಓದಲು ಬಾರದು.
ಒಲೆ ಹೊಗೆಯುಗುಳುತ್ತದೆ.
ಜನವರಿಯಲ್ಲೊಂದು ರಾತ್ರಿ ಅತ್ತದ್ದೂ ಉಂಟು,
ಹೊಗೆಯ ಮೇಲೆ ಹಾಕಿದೆ.

ನಿನ್ನೆ ತಂಗಿಯ ಫೋನು:
"ಐಲ್ಸಾ, ಸಾಕಾಯಿತೇ? ವಾಪಸು ಬರುತ್ತೀಯಾ?"
ತುಟಿ ಬಿಚ್ಚಲಿಲ್ಲ.
ಕತ್ತಲಲ್ಲಿ, ಯಾರೂ ಕಾಣದಂತೆ,
ತಲೆ ಆಡಿತು ಅಡ್ಡಡ್ಡ,
ಯಾವ ದೇಶದ ಭಾಷೆಯಲ್ಲೋ.