ಆರ್ಜೆಂಟ್ ಬೀದಿಯ ಕೌಂಟರು

ನಮ್ಮ ಬೀದಿಯ ಹೆಸರು ಆರ್ಜೆಂಟ್.
ಬೆಳ್ಳಿ ಅಂತ ಅರ್ಥ, ಅವಸರ ಅಂತಲ್ಲ.
ಬ್ರೋಕನ್ ಹಿಲ್‌ನಲ್ಲಿ ಬೀದಿಗಳಿಗೂ ಅದಿರಿನ ಹೆಸರು:
ಆಕ್ಸೈಡ್ ದಾಟಿದರೆ ಕ್ಲೋರೈಡ್,
ಮೂಲೆಯಲ್ಲಿ ಅಂಚೆ ಕಚೇರಿ,
ಅದರೊಳಗೆ ಹತ್ತೊಂಬತ್ತು ವರ್ಷದಿಂದ ನಾನು.

ಬೆಲೆ ನಾನಿಟ್ಟದ್ದಲ್ಲ.
ಆದರೂ ಎಲ್ಲರೂ ನನ್ನನ್ನೇ ಕೇಳುತ್ತಾರೆ,
ರಾತ್ರಿಯೆಲ್ಲ ಕೂತು ಆ ನೀಲಿ ಪುಸ್ತಕ ಹೊಲಿದು
ಲಾಭ ಎಣಿಸಿಕೊಂಡವಳು ನಾನೇ ಎಂಬ ಹಾಗೆ:
ಇದು ನ್ಯಾಯವೇನ್ರೀ?

ನಾನೂರು ಚಿಲ್ಲರೆ ಡಾಲರು.
ವರ್ಷಾವರ್ಷ ಅದಕ್ಕೊಂದು ಚಿಗುರು.
ಅವಸರವಿದ್ದವರಿಗೆ ಮೇಲೆ ಇನ್ನಷ್ಟು.

ಗಣಿಯ ಮೆಕ್ಯಾನಿಕ್ ಪೆಂಗೆಲ್ಲಿ ಲೆಕ್ಕ ಒಪ್ಪಿಸಿದ:
ಅದೇ ದುಡ್ಡಿಗೆ ನನ್ನ ಗಾಡಿಗೆ ಎರಡು ಟೈರು.
ಟೈರು ಕಡೇಪಕ್ಷ ತಿರುಗುತ್ತದೆ,
ಇದು ಬೀರುವಿನಲ್ಲಿ ಮಲಗಿ
ಮಲಗಿದಲ್ಲೇ ಮುದಿಯಾಗುತ್ತದೆ.
ಅವನ ಫೋಟೋ ವಾಪಸು ಕೊಟ್ಟೆ:
ನಕ್ಕಿದ್ದೀಯ, ನಡೆಯೋದಿಲ್ಲ.
ಬೆಲೆ ಕೇಳಿಸಿಕೊಂಡ ಮೇಲೆ ತೆಗೆದದ್ದು
ಒಂದೇ ಸಲಕ್ಕೆ ಸರಿಬಂತು.

ಗುರುವಾರ ನೆವೆಂಕಾ ಪವ್ಲೆಟಿಚ್ ಬಂದಳು.
ಎಪ್ಪತ್ತೇಳು. ಮಂಗಳವಾರ ಈಜುಕೊಳ, ಶನಿವಾರ ಇಸ್ಪೀಟು,
ಕೈಚೀಲದಲ್ಲಿ ಯಾರ್‍ಯಾರನ್ನೋ ಸೋಲಿಸಿದ ನೋಟು.
ಹಳೆಯದನ್ನು ಮುಂದಿಟ್ಟಳು. ನಿಯಮದಂತೆ ತಿರುವಿದೆ.
ಒಂದೂ ಮುದ್ರೆಯಿಲ್ಲ.
ಹತ್ತು ವರ್ಷವಾಗಿಯೂ ಹೊಸ ನೋಟ್‌ಬುಕ್ಕಿನ ವಾಸನೆ.
ಇಲ್ಲ, ಒಂದಿತ್ತು. ಹದಿನೇಳನೇ ಪುಟದಲ್ಲಿ
ಕಾಫಿ ಲೋಟದ ಉಂಗುರ.
ಅದು ನಮ್ಮ ಅಡುಗೆಮನೆಯ ಇಮಿಗ್ರೇಶನ್ನು, ಅಂದಳು.

ಆಮೇಲೆ ನಾನು ಹೇಳಲೇಬೇಕಾದ ಮಾತು:
ಎಪ್ಪತ್ತೈದು ದಾಟಿದವರಿಗೆ ಐದು ವರ್ಷದ್ದೂ ಉಂಟು,
ಬೆಲೆ ಅರ್ಧ.
ಎಷ್ಟು ಸಲ ಹೇಳಿದ್ದೇನೋ ಇದನ್ನು,
ಅಂಟು ಬೇಕೇ, ದಾರ ಬೇಕೇ ಅಂದಷ್ಟು ಹಗುರಾಗಿ.
ಅವತ್ತು ನಾಲಗೆ ಎಡವಿತು.
ಏನು ಕೇಳುತ್ತಿದ್ದೇನೆ ಅಂತ
ನನಗೇ ಕೇಳಿಸಿತು.

ಅವಳಿಗೂ. ಕನ್ನಡಕದ ಮೇಲಿಂದ ನೋಡಿ ಅಂದಳು:
ನನ್ನ ಗಂಡ ಹತ್ತರದ್ದು ಕೊಂಡ,
ಎಂಟು ಉಳಿಸಿ ಹೋದ.
ಉಳಿದದ್ದಕ್ಕೆ ನಿಮ್ಮವರು ಚಿಲ್ಲರೆ ಕೊಡಲಿಲ್ಲ.

ಎಲ್ಲಿಗಾದರೂ ಹೊರಟಿದ್ದೀರಾ, ಕೇಳಿದೆ, ಮಾತು ಹೊರಳಿಸಲು.

ಎಲ್ಲಿಗೂ ಇಲ್ಲ.
ಹೊರಟದ್ದು ಒಂದೇ ಸಲ, ಒಂಬತ್ತು ವರ್ಷದವಳು,
ಈ ಪುಸ್ತಕವಿಲ್ಲದೆ, ನಮ್ಮ ದ್ವೀಪದಿಂದ ಇಟಲಿಯ ದಡಕ್ಕೆ.
ಅಮಾವಾಸ್ಯೆ. ಸದ್ದಾಗಬಾರದೆಂದು ಅಪ್ಪ
ಹುಟ್ಟುಗಳಿಗೆ ಅಮ್ಮನ ಲಂಗ ಸುತ್ತಿದ್ದ.
ದೋಣಿಯವನಿಗೆ ಹೊಲಿಗೆ ಯಂತ್ರ, ಒಂದು ಕತ್ತೆ.
ತಮ್ಮ ಯೆರ್ಕೊನನ್ನು ಅಜ್ಜಿಯ ಮಗ್ಗುಲಲ್ಲಿ ಬಿಟ್ಟೆವು.
ಅವನಿಗೆ ಕೆಮ್ಮಿತ್ತು.

ಅಷ್ಟು ಹೇಳಿ ಪೆನ್ನಿಗೆ ಕೈಚಾಚಿದಳು.
ಹತ್ತರದ್ದೇ ಬರೆ.

ನಾನು ಸುಮ್ಮನೆ ರಟ್ಟು ನೋಡುತ್ತಿದ್ದೆ,
ಒಂದು ಕಡೆ ಕಾಂಗರೂ, ಒಂದು ಕಡೆ ಎಮು.
ಎರಡಕ್ಕೂ ಹಿಂದಕ್ಕೆ ನಡೆಯಲು ಬಾರದಂತೆ.
ವಾಪಸು ಬರಲೆಂದೇ ಕೊಡುವ ಪುಸ್ತಕಕ್ಕೆ
ಇವನ್ನೇ ಯಾಕೆ ಕಾವಲು ನಿಲ್ಲಿಸಿದರೋ.

ಅವಳು ನೋಟು ಎಣಿಸಿದಳು, ಎಂಜಲು ಹಚ್ಚಿ, ಎರಡೆರಡು ಸಲ.
ಹಗಲುದರೋಡೆ, ಅಂದಳು.
ಕೊನೆಯ ಇಪ್ಪತ್ತನ್ನು ಬೆರಳಲ್ಲೇ ಹಿಡಿದು
ಸ್ವಲ್ಪ ತಡೆದು,
ಹಗಲಾದರೂ ಹೌದಲ್ಲ.

ರಸೀದಿ ಹರಿದು ಕೊಟ್ಟೆ.
ಸಾಲಿನಲ್ಲಿ ಯಾರೋ ಕೆಮ್ಮಿದರು.
ಅವಳು ತಿರುಗಿ ನೋಡಿದಳು,
ಯಾರೆಂದು ಗೊತ್ತಾದ ಮೇಲೂ
ಇನ್ನಷ್ಟು ಹೊತ್ತು.